ನೀನು ಗೆರೆ ಎಳೆದ ಪುಟಗಳು: ಯುವ ಲೇಖಕಿಗೊಂದು ಪತ್ರ

ಪ್ರೀತಿಯ ಹುಡುಗಿ,

ನಿನ್ನ ಹಸ್ತಪ್ರತಿ ಕೈಸೇರಿ ಮೂರು ವಾರ ಕಳೆದವು. ಎರಡು ಸಲ ಪೂರ್ತಿಯಾಗಿ ಓದಿದ್ದೇನೆ. ಕೆಲವು ಪುಟಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಟ್ಟಿಲ್ಲ. ಪತ್ರದುದ್ದಕ್ಕೂ ನೀನು ನನ್ನನ್ನು ‘ಮೇಡಂ’ ಎಂದು ಕರೆದಿದ್ದೀಯ. ನಿನ್ನ ತಾಯಿಗಿಂತ ಹಿರಿಯಳು ನಾನು, ಅಮ್ಮ ಎಂದರೆ ಸಾಕು. ಆ ಸಲಿಗೆಯಿಂದಲೇ ನಿನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ. ಅದೇ ಸಲಿಗೆಯಿಂದ ನಾಲ್ಕು ಕಡೆ ಗದರುವುದೂ ಇದೆ.

ಕಾದಂಬರಿ ಎಷ್ಟು ಪುಟವಿರಬೇಕು, ಮುನ್ನುಡಿಯನ್ನು ಯಾರಿಂದ ಬರೆಸಬೇಕು, ಗಾರ್ಮೆಂಟ್ಸ್‌ನಲ್ಲಿ ಆಡುವ ಮಾತನ್ನು ಹಾಗೆಯೇ ಇಡಬಹುದೆ ಎಂದು ಕೇಳಿದ್ದೀಯ. ಮೊದಲೆರಡಕ್ಕೆ ಉತ್ತರ ಹೇಳುವವರು ನಿನಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಮೂರನೆಯದನ್ನು ನೀನು ಕೇಳಲೇಬಾರದಿತ್ತು. ಹನ್ನೆರಡನೆಯ ಶತಮಾನದಲ್ಲಿ ಕದಿರೆ ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಭಾಗಗಳನ್ನೇ ವಚನಕ್ಕೆ ತಂದಳು. ನೀನು ಬ್ಯಾಚ್, ಬಂಡಲ್, ಟಾರ್ಗೆಟ್, ಓವರ್‌ಲಾಕ್ ಎನ್ನುವುದಕ್ಕೆ ಯಾರ ಅಪ್ಪಣೆ ಬೇಕು? ಹಾಗೆಯೇ, ‘ನೀವು ಬೇಡವೆಂದರೆ ಸುಟ್ಟುಹಾಕುತ್ತೇನೆ’ ಎಂಬ ಸಾಲು ಪತ್ರದ ಕೊನೆಯಲ್ಲಿದೆ. ಆ ಮಾತನ್ನು ಇನ್ನೊಮ್ಮೆ ಬರೆಯಬೇಡ. ದಿನಕ್ಕೆ ಒಂಬತ್ತು ಗಂಟೆ ಮಷೀನಿನ ಮುಂದೆ ಕೂತು, ಮನೆಗೆ ಬಂದು ಅಡುಗೆ ಮುಗಿಸಿ, ಮಗು ಮಲಗಿದ ಮೇಲೆ ಬರೆದ ಇನ್ನೂರ ಹತ್ತು ಪುಟಗಳು ಅವು. ಆ ದುಡಿಮೆಯ ಮೇಲೆ ನನಗಾಗಲಿ ಇನ್ನೊಬ್ಬರಿಗಾಗಲಿ ಅಂಥ ಅಧಿಕಾರವನ್ನು ಏಕೆ ಕೊಡುತ್ತೀಯ?

ಈಗ ನನ್ನ ನಿದ್ದೆ ಕೆಡಿಸಿದ ಸಂಗತಿಗೆ ಬರುತ್ತೇನೆ. ಜೆರಾಕ್ಸ್ ಪ್ರತಿಯಲ್ಲಿ ಎರಡು ಕಡೆ ನೀನು ಅಡ್ಡಗೆರೆ ಎಳೆದಿದ್ದೀಯ. 88ರಿಂದ 91ನೆಯ ಪುಟದವರೆಗೆ ಪಿ.ಎಫ್. ಲೆಕ್ಕ; 143ರಿಂದ 146ರವರೆಗೆ ಯೂನಿಯನ್ ಆಫೀಸಿನ ಸಭೆ ಮತ್ತು ಆ ರಾತ್ರಿ ಮನೆಯಲ್ಲಿ ನಡೆದದ್ದು. ಗೆರೆಯ ಕೆಳಗಿನ ಅಕ್ಷರಗಳು ಪುಣ್ಯಕ್ಕೆ ಓದಲು ಬರುತ್ತವೆ. ಮೊದಲ ಭಾಗ ತೆಗೆಯಲು ಹೇಳಿದವರು ನಗರದ ಕಥಾ ಕಮ್ಮಟವೊಂದರಲ್ಲಿ ನಿನಗೆ ಸಿಕ್ಕ ಮಹಿಳಾಪರ ಗೆಳತಿಯರು. ಹೆಣ್ಣಿನ ಒಳಬದುಕಿನ ಕಾದಂಬರಿಯಲ್ಲಿ ಶೇಕಡಾವಾರು ಲೆಕ್ಕ ಒಣಗಿದ ಕಡ್ಡಿಯಂತೆ ಚುಚ್ಚುತ್ತದೆ ಎಂದರಂತೆ. ಎರಡನೆಯ ಭಾಗ ತೆಗೆಯಲು ಹೇಳಿದವರು ನಿನ್ನ ಯೂನಿಯನ್ ಸಂಗಾತಿಗಳು. ಅದು ಮ್ಯಾನೇಜ್‌ಮೆಂಟಿನ ಕೈಗೆ ಅಸ್ತ್ರ ಕೊಟ್ಟಂತೆ ಎಂದರಂತೆ. ಇಬ್ಬರೂ ನಿನ್ನ ಹಿತ ಬಯಸುವವರೇ ಎಂದು ಬರೆದಿದ್ದೀಯ, ನಾನು ನಂಬುತ್ತೇನೆ. ಆದರೆ ಇಬ್ಬರ ಮಾತನ್ನೂ ಕೇಳಿದ ಮೇಲೆ ನಿನ್ನ ಕಥಾನಾಯಕಿ ಏನಾದಳು ನೋಡಿದೆಯಾ? ಒಬ್ಬರು ಅವಳಿಂದ ಕೂಲಿಯನ್ನು ಕಿತ್ತುಕೊಂಡರು, ಇನ್ನೊಬ್ಬರು ಅವಳಿಂದ ಹೆಣ್ಣನ್ನು ಕಿತ್ತುಕೊಂಡರು. ಉಳಿದದ್ದು ಒಂದು ನೆರಳು.

ನಿನ್ನ ಕಾದಂಬರಿಯ ನಡುವಿರುವುದು 2016ರ ಏಪ್ರಿಲ್ 18 ಮತ್ತು 19. ಆ ಎರಡು ದಿನ ಬೆಂಗಳೂರಿನಲ್ಲಿ ಏನಾಯಿತೆಂಬುದನ್ನು ನಾನು ಪತ್ರಿಕೆಗಳಲ್ಲಿ ಓದಿದವಳು, ನೀನು ಹೊಸೂರು ರಸ್ತೆಯಲ್ಲಿ ಚಪ್ಪಲಿ ಕಳೆದುಕೊಂಡು ಓಡಿದವಳು. ಆ ವರ್ಷದ ಫೆಬ್ರವರಿ 10ರ ಕೇಂದ್ರ ಸರ್ಕಾರದ ಅಧಿಸೂಚನೆ, ಭವಿಷ್ಯನಿಧಿಯಲ್ಲಿ, ಅಂದರೆ ಪಿ.ಎಫ್.ನಲ್ಲಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದು ಎಂದಿತು. ಸುದ್ದಿ ಬಾಯಿಂದ ಬಾಯಿಗೆ ಹರಡಿ ಬೊಮ್ಮನಹಳ್ಳಿಯಿಂದ ಹೆಣ್ಣುಮಕ್ಕಳು ರಸ್ತೆಗಿಳಿದರು. ಮರುದಿನ ಮೈಸೂರು ರಸ್ತೆ, ತುಮಕೂರು ರಸ್ತೆಗಳಿಗೂ ಅದು ಹಬ್ಬಿತು. ಲಾಠಿ, ಅಶ್ರುವಾಯು, ಹೆಬ್ಬಗೋಡಿಯಲ್ಲಿ ಸುಟ್ಟ ವಾಹನಗಳು. 19ರ ಸಂಜೆಯ ಹೊತ್ತಿಗೆ ಕೇಂದ್ರ ಕಾರ್ಮಿಕ ಸಚಿವರು ಅಧಿಸೂಚನೆಯನ್ನು ಹಿಂತೆಗೆದುಕೊಳ್ಳುವುದಾಗಿ ಘೋಷಿಸಿದರು. ಕರೆ ಕೊಟ್ಟ ಯೂನಿಯನ್ ಇರಲಿಲ್ಲ, ವೇದಿಕೆ ಇರಲಿಲ್ಲ, ಮೈಕು ಇರಲಿಲ್ಲ. ಅಸಂಘಟಿತರೆಂದು ಎಲ್ಲರೂ ಕರೆಯುತ್ತಿದ್ದ ಹೆಂಗಸರು ಇಡೀ ದೇಶದ ನಿಯಮವನ್ನು ಎರಡೇ ದಿನದಲ್ಲಿ ಹಿಂದಕ್ಕೆ ತಳ್ಳಿದರು.

ಇದನ್ನು ಓದುವವನಿಗೆ ಒಂದು ಪ್ರಶ್ನೆ ಏಳಲೇಬೇಕು: ಬೈಗುಳ, ಶೌಚಕ್ಕೆ ಹೋಗಲು ಸೂಪರ್‌ವೈಸರನ ಮುಖ ನೋಡುವುದು, ಸಂಜೆ ಸಂಬಳವಿಲ್ಲದೆ ಇನ್ನರ್ಧ ಗಂಟೆ ನಿಲ್ಲುವುದು, ಇಷ್ಟೆಲ್ಲವನ್ನೂ ವರ್ಷಗಟ್ಟಲೆ ನುಂಗಿದವರು ಪಿ.ಎಫ್. ಎಂದಕೂಡಲೇ ಏಕೆ ಎದ್ದರು? ಅದಕ್ಕೆ ಉತ್ತರ ನೀನು ಹೊಡೆದುಹಾಕಿದ 88ನೆಯ ಪುಟದಲ್ಲಿದೆ. ಅವಳ ಸಂಬಳ 7,000 ಎಂದು ಇಟ್ಟುಕೊಂಡು, ಮಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಅವಳು ಲೆಕ್ಕ ಹಾಕುತ್ತಾಳೆ. ತನ್ನ ಪಾಲು ಶೇ. 12, ತಿಂಗಳಿಗೆ 840. ಮಾಲೀಕನ ಪಾಲೂ ಶೇ. 12, ಆದರೆ ಅದರಲ್ಲಿ 8.33 ಪಿಂಚಣಿಗೆ ಹೋಗಿ ಪಿ.ಎಫ್. ಖಾತೆಗೆ ಬೀಳುವುದು 3.67 ಮಾತ್ರ, ಅಂದರೆ 257 ರೂಪಾಯಿ. ಆರು ವರ್ಷಕ್ಕೆ ಬಡ್ಡಿ ಬಿಟ್ಟು 18,504. ಅವಳು ಆ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ ‘ಭೋಗ್ಯದ ಮನೆ’ ಎಂದು ಬರೆದು, ಅದನ್ನು ಹೊಡೆದು ‘ಹೈಸ್ಕೂಲು’ ಎಂದು ಬರೆಯುತ್ತಾಳೆ. ಎಳೆಯ ಲೇಖಕಿ ಬರೆಯಬಹುದಾದ ಅತ್ಯಂತ ಸೂಕ್ಷ್ಮವಾದ ದೃಶ್ಯ ಅದು, ಅದನ್ನು ಒಣ ಎನ್ನುತ್ತಾರೆಯೆ!

ನಲವತ್ತಕ್ಕೆಲ್ಲ ಕಣ್ಣು ಮಂಜಾಗಿ ಸೊಂಟ ಬಿದ್ದುಹೋಗುವ ಕೆಲಸದಲ್ಲಿ 58 ಎಂಬ ವಯಸ್ಸೇ ಇಲ್ಲವೆಂಬುದು ಅಧಿಸೂಚನೆ ಬರೆದ ಗಂಡಸರಿಗೆ ತಿಳಿಯಲಿಲ್ಲ. ಹೆರಿಗೆಗೆ, ಅತ್ತೆಯ ಕಾಯಿಲೆಗೆ, ಮಗಳ ಮದುವೆಗೆ ಕೆಲಸ ಬಿಡಬೇಕಾಗಿ ಬರುವವಳು ಅವಳೇ. ಬಿಟ್ಟಾಗ ಕೈಗೆ ಬರುವ ಪಿ.ಎಫ್. ಹಣ ಗಂಡನ ಕುಡಿತಕ್ಕೂ ಮೈದುನನ ಸಾಲಕ್ಕೂ ದಿನದಿನವೂ ಸೋರಿಹೋಗದೆ ಉಳಿದ, ಅವಳ ಹೆಸರಿನಲ್ಲಿರುವ ಏಕೈಕ ಗಂಟು. ಸಂಬಳದ ಹಣ ಮನೆಯವರ ಕಣ್ಣಿಗೆ ಕಾಣುತ್ತದೆ, ಆ ಗಂಟು ಕಾಣುವುದಿಲ್ಲ. ಅದಕ್ಕೆ ಕೈ ಹಾಕಿದಾಗ ಅವಳು ಎದ್ದಳು. ಈ ಲೆಕ್ಕವೇ ಸ್ತ್ರೀವಾದ ಎಂದು ನಿನ್ನ ಕಮ್ಮಟದ ಗೆಳತಿಯರಿಗೆ ಹೇಳು, ನಾನು ಹೇಳಿದೆನೆಂದೇ ಹೇಳು.

1975ರಲ್ಲಿ ಮೆಕ್ಸಿಕೋ ನಗರದಲ್ಲಿ ಅಂತಾರಾಷ್ಟ್ರೀಯ ಮಹಿಳಾ ವರ್ಷದ ಸಮಾವೇಶ ನಡೆಯಿತು. ಬೊಲಿವಿಯಾದ ಸಿಗ್ಲೊ ವೇಯಿಂತೆ ಎಂಬ ತವರದ ಗಣಿಯಿಂದ ಡೊಮಿತಿಲಾ ಬಾರಿಯೋಸ್ ದೆ ಚುಂಗಾರಾ ಎಂಬ ಗಣಿಗಾರನ ಹೆಂಡತಿ ಅಲ್ಲಿಗೆ ಹೋಗಿದ್ದಳು. ಅವಳು ಗಣಿಯ ಕೂಲಿ, ಬಂಧನ, ಹತ್ಯಾಕಾಂಡಗಳ ಮಾತೆತ್ತಿದಾಗ, ಅದೆಲ್ಲ ಬಿಡು, ಹೆಂಗಸರಾಗಿ ನಮ್ಮ ವಿಷಯ ಮಾತಾಡೋಣ ಎಂದವರಿದ್ದರು. ನಿಮ್ಮ ಬಟ್ಟೆ, ನಿಮ್ಮ ಕಾರು, ನಿಮ್ಮ ಮನೆ ಒಂದು ಕಡೆ, ಗಣಿಯವರು ಬಿಟ್ಟುಕೊಟ್ಟ ನಮ್ಮ ಮನೆ ಇನ್ನೊಂದು ಕಡೆ. ಗಂಡ ಸತ್ತರೆ ತೊಂಬತ್ತು ದಿನಗಳಲ್ಲಿ ಅದನ್ನೂ ಖಾಲಿ ಮಾಡಬೇಕಾದವರು ನಾವು, ನಮ್ಮಿಬ್ಬರ ವಿಷಯ ಒಂದೇ ಹೇಗೆ ಎಂಬುದು ಅವಳ ಪ್ರಶ್ನೆಯ ತಿರುಳು. ನಮ್ಮ ಎಡಪಂಥೀಯ ಗೆಳೆಯರು ಈ ಪ್ರಸಂಗವನ್ನು ಬಹಳ ಖುಷಿಯಿಂದ ಹೇಳುತ್ತಾರೆ, ನಾನೂ ಒಂದು ಕಾಲದಲ್ಲಿ ವೇದಿಕೆಗಳ ಮೇಲೆ ಹೇಳಿದ್ದೇನೆ. ಅವರು ಹೇಳದೆ ಬಿಡುವುದು ಇನ್ನೊಂದಿದೆ. ಅದೇ ಡೊಮಿತಿಲಾ ಬೆಳಗಿನ ನಾಲ್ಕಕ್ಕೆ ಎದ್ದು, ಮಾರುವುದಕ್ಕೆ ಖಾರದ ಕಡುಬು ಮಾಡಿ, ಕಂಪನಿ ಅಂಗಡಿಯ ಸಾಲಿನಲ್ಲಿ ನಿಂತು, ಬಟ್ಟೆ ಒಗೆದು, ಮಕ್ಕಳನ್ನು ನೋಡುತ್ತಿದ್ದವಳು. ಒಂದು ದಿನ ಅವಳೂ ನೆರೆಯವರೂ ಕೂತು, ಒಗೆಯುವವಳಿಗೆ ಇಷ್ಟು, ಅಡುಗೆಯವಳಿಗೆ ಇಷ್ಟು, ಮಗು ನೋಡುವವಳಿಗೆ ಇಷ್ಟು ಎಂದು ಬೆಲೆ ಕಟ್ಟಿ ಕೂಡಿದರು. ಮೊತ್ತ ಗಂಡಂದಿರು ಗಣಿಯಲ್ಲಿ ತಿಂಗಳಿಗೆ ಗಳಿಸುವುದಕ್ಕಿಂತ ಬಹಳ ಹೆಚ್ಚಾಯಿತು! ಮಾಲೀಕ ಒಬ್ಬನಿಗೆ ಕೂಲಿ ಕೊಟ್ಟು ಇಬ್ಬರ ದುಡಿಮೆಯನ್ನು ಕೊಳ್ಳುತ್ತಾನೆ ಎಂಬುದನ್ನು ಅವರು ಹೀಗೆ ಕಂಡುಕೊಂಡರು. 1961ರಲ್ಲಿ ಅವರು ಗೃಹಿಣಿಯರ ಸಮಿತಿ ಕಟ್ಟಿದಾಗ ಗಂಡಸರು ನಕ್ಕಿದ್ದರು. ಆ ನಗುವನ್ನೂ ಅವಳು ಮುಚ್ಚಿಡಲಿಲ್ಲ, ಮೆಕ್ಸಿಕೋದ ಜಗಳವನ್ನೂ ಮುಚ್ಚಿಡಲಿಲ್ಲ. ನಿನ್ನ ನಾಯಕಿಯ ನೋಟ್‌ಬುಕ್ಕಿನ ಹಾಳೆಯೂ ಡೊಮಿತಿಲಾಳ ಲೆಕ್ಕವೂ ಒಂದೇ ಜಾತಿಯವು, ಅವಳ ಹೆಸರನ್ನು ನೀನು ಕೇಳಿರಲಿಕ್ಕಿಲ್ಲವಾದರೂ.

ಇನ್ನು 143ನೆಯ ಪುಟ. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಸಭೆ. ತಡವಾಗಿ ಬಂದ ಅವಳು ಬಾಗಿಲ ಹೊರಗೆ ಚಪ್ಪಲಿಗಳನ್ನು ನೋಡುತ್ತಾಳೆ. ಹೆಂಗಸರವು ಮೂವತ್ತೊಂದು ಜೊತೆ, ಒಂದರ ಉಂಗುಷ್ಠ ಕಿತ್ತು ಪಿನ್ನು ಹಾಕಿದೆ. ಗಂಡಸರವು ಆರು ಜೊತೆ. ಒಳಗೆ ಮಾತಾಡುತ್ತಿರುವವರು ಆ ಆರು ಮಂದಿ. ಬೇಡಿಕೆ ಪಟ್ಟಿಯಲ್ಲಿ ಮಗು ಬಿಡುವ ಕೋಣೆಯ ಮಾತು ಬಿಟ್ಟುಹೋಗಿದೆ ಎಂದು ಅವಳು ಎದ್ದು ಹೇಳಿದಾಗ, ‘ಮೊದಲು ಸಂಬಳದ್ದು ಮುಗೀಲಿ ಅಕ್ಕ, ಅದನ್ನ ಆಮೇಲೆ ನೋಡೋಣ’ ಎಂಬ ಉತ್ತರ ಬರುತ್ತದೆ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿದ್ದ ಕಡೆ ಶಿಶುಪಾಲನಾ ಕೋಣೆ ಇರಬೇಕೆಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯಿದೆಯೇ ಹೇಳುತ್ತಿತ್ತು. ಅವಳು ಕೇಳಿದ್ದು ಹೊಸ ಹಕ್ಕೂ ಅಲ್ಲ. ಮನೆಗೆ ಬಂದರೆ, ಅದೇ ಸಭೆಯಲ್ಲಿದ್ದ ಗಂಡ, ನಾಲ್ಕು ಜನರ ನಡುವೆ ಮರ್ಯಾದೆ ತೆಗೆದೆ ಎಂದು ಕೈಯೆತ್ತುತ್ತಾನೆ. ಮರುದಿನ ಕೆನ್ನೆಯ ಬಾವಿನೊಂದಿಗೇ ಅವಳು ಗೇಟಿನ ಮುಂದೆ ಅವನ ಪಕ್ಕ ನಿಂತು ಘೋಷಣೆ ಕೂಗುತ್ತಾಳೆ. ಹುಡುಗಿ, ಇದನ್ನು ಹೊಡೆದುಹಾಕಿದೆಯಾ!

‘ಆಮೇಲೆ’ ಎಂಬ ಪದದ ಮೇಲೆ ನನಗೆ ತೀರದ ಸಿಟ್ಟಿದೆ. ಅದಕ್ಕೆ ಕಾರಣ ಹೇಳುತ್ತೇನೆ; ಇದನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ.

ಎಂಬತ್ತರ ದಶಕದಲ್ಲಿ ಒಂದು ಗಿರಣಿಯ ಊರಿಗೆ ಹೋಗಿ, ಅಲ್ಲಿಯ ದೀರ್ಘ ಮುಷ್ಕರದ ಬಗ್ಗೆ ಪುಸ್ತಿಕೆಯೊಂದನ್ನು ಬರೆದೆ. ನೂಲು ಸುತ್ತುವ ವೈಂಡಿಂಗ್ ವಿಭಾಗದಲ್ಲಿದ್ದ ವಿಧವೆಯೊಬ್ಬಳ ಮನೆಯಲ್ಲಿ ಉಳಿದುಕೊಂಡಿದ್ದೆ. ಒಂದು ರಾತ್ರಿ ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲಿನಲ್ಲಿ ಕೂತಿದ್ದಾಗ ಅವಳು ಹೇಳಿದಳು: ಮುಷ್ಕರದ ನಿಧಿಯಿಂದ ಹಂಚುವ ಅಕ್ಕಿಯನ್ನು ಮನೆ ಯಜಮಾನರ ಪಟ್ಟಿಯ ಪ್ರಕಾರ ಕೊಡುತ್ತಾರೆ, ನಾವು ಏಳು ಮಂದಿ ವಿಧವೆಯರೂ ಗಂಡ ಬಿಟ್ಟ ಹೆಂಗಸರೂ ಆ ಪಟ್ಟಿಯಲ್ಲಿಲ್ಲ, ಮೂರು ವಾರದಿಂದ ಅಕ್ಕಿ ಬಂದಿಲ್ಲ. ಕೇಳಲು ಹೋದರೆ, ನಿಮ್ಮದು ಕೈಖರ್ಚಿನ ದುಡಿಮೆ ತಾನೆ ಎಂದರಂತೆ. ‘ಇದನ್ನೂ ಬರ್ಕೊಳವ್ವ’ ಎಂದಳು. ಲಾಂದ್ರದ ಬೆಳಕಿನಲ್ಲಿ ಬರೆದುಕೊಂಡೆ. ಅವಳು ಮುಷ್ಕರ ಮುರಿಯಲಿಲ್ಲ. ಕಾಡಿನಿಂದ ಸೌದೆ ತಂದು ಮಾರಿ, ಮರುದಿನ ಹೊತ್ತಿಗೆ ಸರಿಯಾಗಿ ಗೇಟಿನ ಮುಂದೆ ಕೂರುತ್ತಿದ್ದಳು.

ಪುಸ್ತಿಕೆ ಅಚ್ಚಿಗೆ ಹೋಗುವಾಗ ಸಂಘಟನೆಯ ಹಿರಿಯರೊಬ್ಬರು ಆ ಪುಟ ಓದಿ, ‘ಸತ್ಯವೇ ಇರಬಹುದು, ಈಗ ಬೇಡ, ಗೆದ್ದ ಮೇಲೆ ಬರೆಯೋಣ’ ಎಂದರು. ಅವರ ಮೇಲೆ ನನಗೆ ಗೌರವವಿತ್ತು, ಈಗಲೂ ಇದೆ. ನಾನೇ ಗೆರೆ ಎಳೆದೆ. ಪುಸ್ತಿಕೆಗೆ ಬಂದ ಹೊಗಳಿಕೆ ಅಷ್ಟಿಷ್ಟಲ್ಲ. ಊರೂರಿಗೆ ಕರೆದು ಹಾರ ಹಾಕಿದರು, ದುಡಿಯುವ ಹೆಣ್ಣಿನ ದನಿ ಎಂದರು. ಆ ಮಾತನ್ನು ನಾನು ನಂಬಿಬಿಟ್ಟೆ. ಒಂದು ವರ್ಷದ ಮೇಲೆ ಪ್ರತಿಯೊಂದನ್ನು ಹಿಡಿದು ಅವಳ ಮನೆಗೆ ಹೋದೆ. ಅವಳಿಗೆ ಓದು ಬರುತ್ತಿರಲಿಲ್ಲ. ಶಾಲೆಗೆ ಹೋಗುತ್ತಿದ್ದ ಮಗನನ್ನು ಎದುರು ಕೂರಿಸಿಕೊಂಡು, ಅಕ್ಕಿ ಆರಿಸುತ್ತಾ, ಮೊದಲ ಪುಟದಿಂದ ಕೊನೆಯವರೆಗೆ ಓದಿಸಿದಳು. ಎರಡು ಗಂಟೆಯಾಯಿತು. ಅವನು ಪುಸ್ತಕ ಮಡಚಿದಾಗ ನನ್ನ ಕಡೆ ನೋಡದೆ ಅವನನ್ನೇ ಕೇಳಿದಳು, ‘ಮುಗೀತಾ?’ ಮುಗಿಯಿತು ಎಂದ. ಮೊರ ತೆಗೆದುಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ಮುಷ್ಕರ ಸೋತಿತ್ತು, ಗೆದ್ದ ಮೇಲೆ ಬರೆಯುವ ದಿನ ಬರಲೇ ಇಲ್ಲ. ಮುಂದೆ ಗಿರಣಿಯೂ ಮುಚ್ಚಿತು. ನಾನು ಆಮೇಲೆ ಬರೆದ ಹನ್ನೊಂದು ಪುಸ್ತಕಗಳಲ್ಲಿ ಯಾವುದಕ್ಕೆ ಪ್ರಶಸ್ತಿ ಬಂದಾಗಲೂ ನನಗೆ ಮೊದಲು ಕೇಳಿಸುವುದು ಆ ಪ್ರಶ್ನೆಯೇ.

ಅಸ್ತ್ರ ಕೊಟ್ಟಂತಾಗುತ್ತದೆ ಎಂಬ ನಿನ್ನ ಸಂಗಾತಿಗಳ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯೂನಿಯನ್ನಿನ ಹೆಸರೆತ್ತಿದರೆ ಕೆಲಸ ಹೋಗುವ ಕಾರ್ಖಾನೆಗಳಲ್ಲಿ ಆ ಆರು ಗಂಡಸರು ಪೆಟ್ಟು ತಿಂದಿದ್ದಾರೆ, ಕೇಸು ಹೊತ್ತಿದ್ದಾರೆ; ಅದು ನಿನ್ನ ಕಾದಂಬರಿಯಲ್ಲಿ ಚೆನ್ನಾಗಿಯೇ ಬಂದಿದೆ, ಬರಲೇಬೇಕು. ಆದರೆ ಒಳಗಿನ ಮಾತನ್ನು ಒಳಗೇ ಹೂಳಿದರೆ ಏನಾಗುತ್ತದೆಂಬುದನ್ನು 2015ರ ಸೆಪ್ಟೆಂಬರಿನಲ್ಲಿ ಕೇರಳದ ಮುನ್ನಾರ್ ತೋರಿಸಿತು. ಬೋನಸ್ ಶೇ. 20ರಿಂದ 10ಕ್ಕೆ ಇಳಿದಾಗ ಚಹಾ ತೋಟದ ಹೆಂಗಸರು, ಹೆಚ್ಚಿನವರು ತಮಿಳು ದಲಿತ ಕುಟುಂಬಗಳವರು, ಎಲ್ಲ ಪಕ್ಷಗಳ ಯೂನಿಯನ್ ನಾಯಕರನ್ನೂ ದೂರವಿಟ್ಟು ಪೆಂಬಿಳೈ ಒರುಮೈ (ಹೆಂಗಸರ ಒಗ್ಗಟ್ಟು) ಎಂಬ ಹೆಸರಿನಲ್ಲಿ ರಸ್ತೆಯಲ್ಲಿ ಕೂತರು, ಒಂಬತ್ತು ದಿನಗಳಲ್ಲಿ ಬೋನಸ್ ಗೆದ್ದರು. ದಶಕಗಳ ಕಾಲ ಕೆಂಪು ಬಾವುಟ ಹಿಡಿದವರೇ ನಾಯಕರನ್ನು ಹತ್ತಿರ ಸೇರಿಸಲಿಲ್ಲ! ಮುಂದೆ ಆ ಸಂಘಟನೆಯೂ ಒಡೆದು ಸೊರಗಿತು. ಅದನ್ನೂ ಮರೆಮಾಚುವುದು ಬೇಡ. ‘ಆಮೇಲೆ’ ಎಂದು ಮುಂದೂಡಿದ ಮಾತುಗಳೆಲ್ಲ ಒಟ್ಟಿಗೆ ಬಂದರೆ ಯೂನಿಯನ್ನನ್ನೇ ಕೊಚ್ಚಿಕೊಂಡು ಹೋಗುತ್ತವೆ, ಆಗ ಲಾಭವಾಗುವುದು ಯಾರಿಗೆ ಎಂದು ನಿನ್ನ ಸಂಗಾತಿಗಳನ್ನು ಕೇಳು.

ಮುಂದೂಡದೆ ನಡೆದ ಕಡೆಗಳೂ ಇವೆ. ಮಹಾರಾಷ್ಟ್ರದಲ್ಲಿ, ಆಗ ಧುಳೆ ಜಿಲ್ಲೆಗೆ ಸೇರಿದ್ದ ಶಹಾದಾದಲ್ಲಿ, 1972ರಲ್ಲಿ ಭೂಹೀನ ಭಿಲ್ ಕೂಲಿಕಾರರು ಶ್ರಮಿಕ ಸಂಘಟನೆ ಕಟ್ಟಿದರು. ಜಮೀನ್ದಾರರ ವಿರುದ್ಧದ ಹೋರಾಟದಲ್ಲಿ ಮುಂದಿದ್ದ ಹೆಂಗಸರು ತಮ್ಮ ಶಿಬಿರಗಳಲ್ಲಿ ಗಂಡಂದಿರ ಕುಡಿತ, ಹೊಡೆತಗಳ ಮಾತೆತ್ತಿದರು. ಊರಿಂದೂರಿಗೆ ಹೋಗಿ ಸಾರಾಯಿಯ ಮಡಕೆಗಳನ್ನು ಒಡೆದರು, ಹೆಂಡತಿಗೆ ಹೊಡೆದವನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದರು. ಅದರಿಂದ ಕೂಲಿ ಹೋರಾಟ ಮುರಿದುಬೀಳಲಿಲ್ಲ. ಹೊಡೆತಕ್ಕೆ ಹೆದರದವಳು ಜಮೀನ್ದಾರನ ಆಳುಗಳಿಗೂ ಹೆದರದಾದಳು.

ಒಂದು ಕಡೆ ಮಾತ್ರ ನಿನ್ನ ಮೇಲೆ ನಿಜವಾಗಿ ಬೇಸರವಾಯಿತು. ನಿನ್ನ ಹೆಣ್ಣು ಸೂಪರ್‌ವೈಸರ್ ಬಂದಾಗಲೆಲ್ಲ ರಾಕ್ಷಸಿಯಂತೆ ಕಿರುಚುತ್ತಾಳೆ, ಅಷ್ಟೇ. ಅವಳೂ ಒಂದು ಕಾಲದಲ್ಲಿ ಕಾಲರ್ ಕೂಡಿಸುತ್ತಿದ್ದ ಟೈಲರ್ ಎಂದು ನೀನೇ ಬರೆದಿದ್ದೀಯ. ಗಂಟೆಗೆ ಇಷ್ಟು ಪೀಸ್ ಎಂಬ ಬೋರ್ಡಿನ ಮುಂದೆ ಅವಳನ್ನು ನಿಲ್ಲಿಸಿ ಬೈಯುವ ಪ್ರೊಡಕ್ಷನ್ ಮ್ಯಾನೇಜರ್ ಎಲ್ಲಿ, ಅವನಿಗೆ ಹಡಗಿನ ದಿನಾಂಕ ಹೇಳಿ ಬೆಲೆ ಇಳಿಸುವ ವಿದೇಶಿ ಖರೀದಿದಾರ ಎಲ್ಲಿ? ಅವಳ ಕ್ರೌರ್ಯವನ್ನು ಮೃದುಗೊಳಿಸು ಎನ್ನುತ್ತಿಲ್ಲ, ಅದು ಎಲ್ಲಿಂದ ಇಳಿದು ಬರುತ್ತದೆಂದು ತೋರಿಸು ಎನ್ನುತ್ತಿದ್ದೇನೆ. ಹೊಡೆಯುವ ಗಂಡನ ವಿಷಯದಲ್ಲಿ ನೀನು ಆ ಕೆಲಸ ಮಾಡಿದ್ದೀಯ: ಗುತ್ತಿಗೆ ಕೆಲಸ ಹೋದ ದಿನ ಅವನು ಬಸ್ ನಿಲ್ದಾಣದಲ್ಲಿ ಒಬ್ಬನೇ ಕೂತಿರುವುದನ್ನು ಬರೆದು, ಆದರೂ ಆ ಏಟನ್ನು ಏಟು ಎಂದೇ ಕರೆದಿದ್ದೀಯ. ಗಂಡಸಿಗೆ ಕೊಟ್ಟ ನ್ಯಾಯವನ್ನು ಹೆಂಗಸಿಗೇಕೆ ಕೊಡಲಿಲ್ಲ?

ಹಸ್ತಪ್ರತಿಯನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಗೆರೆ ಎಳೆದ ಎಂಟು ಪುಟಗಳನ್ನೂ ನನ್ನ ಕೈಯಾರೆ ಬೇರೆ ಹಾಳೆಯ ಮೇಲೆ ನಕಲು ಮಾಡಿ ಆಯಾ ಜಾಗದಲ್ಲಿ ಸೇರಿಸಿದ್ದೇನೆ. ಚಪ್ಪಲಿಗಳ ಸಾಲಿನಲ್ಲಿ ಒಂದಕ್ಷರವನ್ನೂ ಮುಟ್ಟಿಲ್ಲ. ಅವುಗಳ ಜೊತೆಗೆ ಒಂದು ಹಳದಿಯಾದ ಹಾಳೆಯ ಜೆರಾಕ್ಸ್ ಇದೆ. ನಲ್ಲಿಯ ಮುಂದೆ ಕೂತು ಅವಳ ಮಾತನ್ನು ಬರೆದುಕೊಂಡ ಹಾಳೆ ಅದು, ಏಳು ಹೆಂಗಸರ ಹೆಸರೂ ಅದರಲ್ಲಿವೆ. ಸಂಗಾತಿಗಳಿಗೆ ತೋರಿಸಬೇಕೆನಿಸಿದರೆ ತೋರಿಸು.

ಭಾನುವಾರ ನಿನಗೆ ರಜೆಯಿದ್ದಾಗ ಮಗುವನ್ನು ಕರೆದುಕೊಂಡು ಬಾ, ಊಟ ಇಲ್ಲೇ. ನನಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ, ಹೊಸ ಪ್ರತಿಯನ್ನು ನೀನೇ ಮೊದಲ ಪುಟದಿಂದ ಓದಿ ಹೇಳಬೇಕು. ಹೊತ್ತಾದರೂ ಚಿಂತೆಯಿಲ್ಲ, ಕೊನೆಯವರೆಗೆ ಕೇಳುತ್ತೇನೆ.

ನಿನ್ನ,
ಅಮ್ಮ